ದೊಡ್ಡಪತ್ರೆಗೆ ಹೂ ಬಿಡಲು ಬಿಡಿ

ದೊಡ್ಡಪತ್ರೆಯನ್ನು ಯಾರೂ ಹೂವಿನ ಗಿಡ ಅನ್ನುವುದಿಲ್ಲ. ತಂಬುಳಿಗೆ, ಬಜ್ಜಿಗೆ, ಮಗುವಿನ ಕೆಮ್ಮಿಗೆ ಬೇಕಾಗುತ್ತದೆ ಅಂತ ಅಡುಗೆಮನೆ ಬಾಗಿಲ ಹತ್ತಿರ ಒಂದು ಕುಂಡ ಇರುತ್ತದೆ. ಬೇಕಾದಾಗ ನಾಲ್ಕು ಎಲೆ ಕೀಳುತ್ತೇವೆ, ಅಷ್ಟೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಇರುವ ಗಿಡ ಒಂದು ಸಲವೂ ಹೂ ಬಿಟ್ಟಿರುವುದಿಲ್ಲ. ಅದು ಹೂ ಬಿಡುತ್ತದೆ ಅನ್ನುವುದೇ ಗೊತ್ತಿಲ್ಲದವರು ತುಂಬ ಜನ.

ಒಂದು ವರ್ಷ ಅದನ್ನು ಅದರ ಪಾಡಿಗೆ ಬಿಟ್ಟು ನೋಡಿ. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕೊಂಬೆಯ ತುದಿಯಿಂದ ಉದ್ದನೆಯ ತೆನೆ ಏಳುತ್ತದೆ. ತೆನೆಯ ಉದ್ದಕ್ಕೂ ಸುತ್ತು ಸುತ್ತಾಗಿ ತೆಳು ನೇರಳೆ ಬಣ್ಣದ ಪುಟ್ಟ ಹೂಗಳು. ಬಿಸಿಲು ಏರುವ ಹೊತ್ತಿಗೆ ಜೇನುಗಳು ಹಾಜರು. ಮೆತ್ತನೆಯ ಎಲೆ, ಕಡಿಮೆ ನೀರು, ವರ್ಷಗಳ ಬಾಳಿಕೆ, ಜೇನಿಗೆ ಊಟ. ಇಷ್ಟೂ ಒಂದೇ ಗಿಡದಲ್ಲಿ ಬೇಕು ಅಂತ ನರ್ಸರಿ ಸುತ್ತುವವರ ಮನೆಯಲ್ಲೇ ಆ ಗಿಡ ಇರುತ್ತದೆ. ಅದನ್ನು ಹೂ ಬರುವ ಹಾಗೆ ಬೆಳೆಸುವುದಕ್ಕೆ ಕಷ್ಟದ ಕೆಲಸವೇನೂ ಇಲ್ಲ. ಆದರೆ ಗಿಡ ಒಳಗೊಳಗೇ ಏನು ಮಾಡುತ್ತಿದೆ ಎಂದು ಗೊತ್ತಿದ್ದರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ನೆ ಇರಬೇಕು ಅನ್ನುವುದು ಸಲೀಸಾಗಿ ತಿಳಿಯುತ್ತದೆ.

ಇತ್ತೀಚೆಗೆ ಫೋನಿನಲ್ಲಿ ಗಿಡದ ಫೋಟೋ ನೋಡುವವರಿಗೆಲ್ಲ ಲ್ಯಾಂಬ್ಸ್ ಇಯರ್ ಗೊತ್ತು. ಬೆಳ್ಳಿ ಬಣ್ಣದ, ಉಣ್ಣೆಯಷ್ಟು ಮೆತ್ತನೆಯ ಎಲೆ. ನೀರು ಕಡಿಮೆ ಸಾಕು, ಜೇನುಗಳು ಮುತ್ತುತ್ತವೆ ಅಂತ ಬರೆದಿರುತ್ತಾರೆ. ಅದೆಲ್ಲ ನಿಜವೇ. ಆದರೆ ಅದರ ತವರು ಟರ್ಕಿ, ಅರ್ಮೇನಿಯಾ, ಇರಾನ್ ಕಡೆಯ ಒಣ ಗುಡ್ಡಗಳು. ಅಲ್ಲಿ ಚಳಿಗಾಲ ಗಟ್ಟಿ, ಬೇಸಿಗೆ ಒಣ. ಬೆಂಗಳೂರಿನ ಲೆಕ್ಕವೇ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನ ಪಾಲು ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಸುರಿಯುತ್ತದೆ, ಅದೂ ಬೆಚ್ಚಗಿನ ಹವೆಯಲ್ಲಿ. ಆ ಗಿಡದ ದಟ್ಟ ರೋಮ ಮಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ, ಬಿಸಿ, ಗಾಳಿ ಇಲ್ಲ ಅಂದಮೇಲೆ ಎಲೆ ಬುಡದಿಂದಲೇ ಕೊಳೆಯಲು ಶುರು. ಆನ್‌ಲೈನಲ್ಲಿ ಬೀಜ ತರಿಸಿ ಬೆಳೆಸಿದವರ ಗಿಡ ಮೊದಲ ಸೆಪ್ಟೆಂಬರ್ ದಾಟುವುದು ಕಷ್ಟ.

ದೊಡ್ಡಪತ್ರೆ ಇದೇ ಬಳಗಕ್ಕೆ ಸೇರಿದ್ದು. ತುಳಸಿ, ಪುದೀನ, ಕಾಮಕಸ್ತೂರಿ, ತುಂಬೆ ಎಲ್ಲವೂ ಒಂದೇ ಕುಟುಂಬ. ಪೋರ್ಚುಗಲ್ ದೇಶದ ಲೌರೇರೊ ಎಂಬ ಪಾದ್ರಿ 1790ರಲ್ಲಿ ಇದಕ್ಕೆ ಕೋಲಿಯಸ್ ಅಂಬೋಯ್ನಿಕಸ್ ಎಂದು ಹೆಸರಿಟ್ಟ. ಅಂಬೋಯ್ನಾ ಅಂದರೆ ಇಂಡೊನೇಷ್ಯಾದ ಒಂದು ದ್ವೀಪ. ಆದರೆ ಗಿಡದ ನಿಜವಾದ ನೆಲೆ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗ, ಅರೇಬಿಯಾ, ನಮ್ಮ ಭಾರತ. ಬಂಡೆಗಳ ಇಳಿಜಾರು, ಮರಳು ಮಿಶ್ರಿತ ನೆಲ ಅದಕ್ಕೆ ಇಷ್ಟ. ಮಳೆ ಬಂದಾಗ ಚೆನ್ನಾಗಿ ಬರಬೇಕು, ಬಂದ ನೀರು ನಿಲ್ಲದೆ ಹರಿದು ಹೋಗಬೇಕು, ಆಮೇಲೆ ತಿಂಗಳುಗಟ್ಟಲೆ ಒಣ ಹವೆ. ನಮ್ಮ ಊರಿನ ಮಳೆಯ ರೀತಿಯೂ ಹೆಚ್ಚುಕಡಿಮೆ ಇದೇ ಅಲ್ವಾ? ಹೊಂದಿಕೊಳ್ಳದೆ ಇರುವುದು ನಮ್ಮ ಮಳೆಯಲ್ಲ, ನಾವು ಕೊಡುವ ಕುಂಡ ಮತ್ತು ನೀರು.

ಎಲೆ ಯಾಕೆ ಮೆತ್ತಗೆ, ಯಾಕೆ ದಪ್ಪ

ಒಂದು ಎಲೆ ಕಿತ್ತು ಬೆಳಕಿಗೆ ಅಡ್ಡ ಹಿಡಿದು ಅದರ ಅಂಚನ್ನು ನೋಡಿ. ಸಣ್ಣ ಸಣ್ಣ ಬಿಳಿ ರೋಮ ಸಾಲಾಗಿ ನಿಂತಿರುವುದು ಕಾಣುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ರೋಮಗಳಲ್ಲಿ ಎರಡು ಬಗೆ ಇವೆ. ಕೆಲವು ಬರೀ ಚೂಪು. ಇನ್ನು ಕೆಲವಕ್ಕೆ ತುದಿಯಲ್ಲಿ ಪುಟ್ಟ ಗುಂಡು ತಲೆ. ಆ ತಲೆಯೊಳಗೆ ಎಣ್ಣೆ ಇರುತ್ತದೆ. ಎಲೆ ಸವರಿದ ಕೂಡಲೇ ಗಮ್ ಎನ್ನುವುದು ಆ ಗುಂಡುಗಳು ಒಡೆದಿದ್ದಕ್ಕೆ. ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಕಾರ್ವಾಕ್ರಾಲ್ ಮತ್ತು ಥೈಮಾಲ್. ಓಮದ ಕಾಳಿನಲ್ಲೂ ಥೈಮಾಲ್ ಇದೆ. ಅದಕ್ಕೇ ಕೆಲವು ನರ್ಸರಿಯವರು ದೊಡ್ಡಪತ್ರೆಯನ್ನು ಅಜ್ವಾನ ಗಿಡ ಎಂದು ಮಾರುತ್ತಾರೆ. ಆದರೆ ಓಮದ ಗಿಡವೇ ಬೇರೆ, ಅದು ಕೊತ್ತಂಬರಿ, ಜೀರಿಗೆಯ ಬಳಗದ್ದು. ದೊಡ್ಡಪತ್ರೆಗೆ ಈ ಎಣ್ಣೆ ಒಂದು ಕಾವಲು. ಎಲೆ ತಿನ್ನಲು ಬರುವ ಹುಳುವಿಗೂ ಎಲೆ ಮೇಲೆ ಕೂರುವ ಶಿಲೀಂಧ್ರಕ್ಕೂ ಅದು ಖಾರ.

ಚೂಪು ರೋಮದ ಕೆಲಸ ಬೇರೆ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿರುತ್ತವೆ. ಗಾಳಿ ಒಳಗೆ ಬರಬೇಕಾದರೆ ಬಾಯಿ ತೆರೆಯಬೇಕು, ತೆರೆದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒದ್ದೆ ಬಟ್ಟೆ ಗಾಳಿಗೆ ಹಾಕಿದರೆ ಬೇಗ ಒಣಗುತ್ತದೆ, ಮುಚ್ಚಿದ ಕೋಣೆಯಲ್ಲಿ ಹಾಕಿದರೆ ನಿಧಾನ. ರೋಮಗಳು ಎಲೆಯ ಮೈಗೆ ಅಂಟಿಕೊಂಡಂತೆ ಒಂದು ಪದರ ಗಾಳಿಯನ್ನು ಅಲ್ಲಾಡದಂತೆ ಹಿಡಿದಿಡುತ್ತವೆ. ಆ ಪದರದಲ್ಲಿ ತೇವ ತುಂಬಿರುತ್ತದೆ, ಹಾಗಾಗಿ ಒಳಗಿನ ನೀರು ಆತುರದಿಂದ ಹೊರಗೆ ಬರುವುದಿಲ್ಲ. ಜೊತೆಗೆ ಬಿಳಿ ರೋಮ ಸ್ವಲ್ಪ ಬಿಸಿಲನ್ನು ವಾಪಸ್ ಕಳಿಸುತ್ತದೆ. ಎಲೆ ಅಷ್ಟು ತಂಪಾಗಿರುತ್ತದೆ.

ಆದರೆ ರೋಮ ಒಂದರಿಂದಲೇ ಬರ ತಡೆಯಲು ಆಗುವುದಿಲ್ಲ. ದೊಡ್ಡಪತ್ರೆಯ ರೋಮ ಲ್ಯಾಂಬ್ಸ್ ಇಯರ್‌ನಷ್ಟು ದಟ್ಟವಲ್ಲ. ಅದರ ದೊಡ್ಡ ಬಲ ಎಲೆಯ ದಪ್ಪದಲ್ಲಿದೆ. ಎಲೆ ತುಂಬ ನೀರು, ಕಾಂಡ ತುಂಬ ನೀರು. ಬೇರಿಗೆ ನೀರು ಸಿಗದ ದಿನಗಳಲ್ಲಿ ಗಿಡ ತನ್ನ ಮೈಯೊಳಗಿನ ನೀರನ್ನೇ ಖರ್ಚು ಮಾಡುತ್ತದೆ. ತೀರಾ ಕಷ್ಟ ಬಂದರೆ ಕೆಳಗಿನ ಹಳೆಯ ಎಲೆಗಳನ್ನು ಉದುರಿಸಿ ತುದಿಯ ಚಿಗುರನ್ನು ಉಳಿಸಿಕೊಳ್ಳುತ್ತದೆ.

ಇದನ್ನು ಕೈಯಲ್ಲೇ ಪರೀಕ್ಷೆ ಮಾಡಬಹುದು. ಮಧ್ಯದ ಒಂದು ಎಲೆ ಮಡಚಿ ನೋಡಿ. ನೀರು ತುಂಬಿದ ಎಲೆ ಪಟ್ ಎಂದು ಮುರಿಯುತ್ತದೆ, ಮುರಿದ ಜಾಗ ಒದ್ದೆ ಹೊಳೆಯುತ್ತದೆ. ನೀರು ಕಡಿಮೆಯಾದ ಎಲೆ ಮುರಿಯುವುದಿಲ್ಲ, ಚರ್ಮದ ಹಾಗೆ ಬಗ್ಗುತ್ತದೆ. ಎಲೆ ಪಟ್ ಎಂದು ಮುರಿಯುತ್ತಿರುವಷ್ಟು ದಿನ ಗಿಡಕ್ಕೆ ನೀರು ಬೇಡ. ನನ್ನ ಪ್ರಕಾರ ಮಣ್ಣಿನ ತೇವ ನೋಡುವ ಮೀಟರಿಗಿಂತ ಇದು ನಂಬಿಕೆಯದು.

ಬಿಸಿಲಿನ ಗಿಡಕ್ಕೂ ನೆರಳಿನ ಗಿಡಕ್ಕೂ ಎಲೆಯಲ್ಲೇ ವ್ಯತ್ಯಾಸ ಕಾಣುತ್ತದೆ. ಬಿಸಿಲಲ್ಲಿ ಎಲೆ ಚಿಕ್ಕದು, ದಪ್ಪ, ಬಣ್ಣ ತೆಳು ಹಸಿರು, ವಾಸನೆ ಗಡುಸು. ನೆರಳಲ್ಲಿ ಎಲೆ ಅಂಗೈಯಷ್ಟು ಅಗಲ, ತೆಳು, ಕಡು ಹಸಿರು, ಕಾಂಡ ಸೋತು ಬಾಗಿರುತ್ತದೆ. ಬಜ್ಜಿಗೆ ಎರಡನೆಯದೇ ಚೆನ್ನ. ಹೂವಿಗೆ ಮಾತ್ರ ಮೊದಲನೆಯದೇ ಆಗಬೇಕು.

ಕೊಲ್ಲುವುದು ಬರವಲ್ಲ, ನೀರು

ದೊಡ್ಡಪತ್ರೆ ಸತ್ತಿತು ಅಂದರೆ ಹತ್ತರಲ್ಲಿ ಒಂಬತ್ತು ಸಲ ನೀರು ಜಾಸ್ತಿಯಾಗಿದೆ ಎಂದೇ ಅರ್ಥ. ಮೊದಲು ಕೆಳಗಿನ ಎಲೆ ಹಳದಿ ಆಗುತ್ತದೆ. ಅಯ್ಯೋ ಬಾಡುತ್ತಿದೆ ಎಂದು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಆಮೇಲೆ ಕಾಂಡದ ಬುಡ, ಮಣ್ಣಿಗೆ ತಾಗುವ ಕಡೆ, ಕಪ್ಪಾಗಿ ಮೆತ್ತಗಾಗುತ್ತದೆ. ಅಲ್ಲಿಗೆ ಬೇರು ಹೋಗಿದೆ ಎಂದು ತಿಳಿಯಬೇಕು. ಆಗ ಮಾಡುವ ಕೆಲಸ ಒಂದೇ. ಮೇಲಿನ ಗಟ್ಟಿ ಕಾಂಡ ಕತ್ತರಿಸಿ ಹೊಸ ಕಡ್ಡಿಯಾಗಿ ನೆಡಿ, ಹಳೆ ಮಣ್ಣನ್ನು ಬಿಸಿಲಿಗೆ ಹರಡಿ.

ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವೆ ಇರುವ ಸಂದಿಗಳಲ್ಲಿ ಗಾಳಿ ಇರುತ್ತದೆ. ನೀರು ಹಾಕಿದಾಗ ಸಂದಿ ತುಂಬುತ್ತದೆ, ನೀರು ಬಸಿದ ಮೇಲೆ ಗಾಳಿ ವಾಪಸ್ ಬರುತ್ತದೆ. ಬಸಿಯದೆ ಹೋದರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಕೊಳೆರೋಗ ಹತ್ತುತ್ತದೆ. ನಮ್ಮ ಕೆಂಪು ಮಣ್ಣು ನೆಲದಲ್ಲಿ ಇರುವಾಗ ಚೆನ್ನಾಗಿಯೇ ಬಸಿಯುತ್ತದೆ. ಕುಂಡಕ್ಕೆ ಬಂದರೆ ಆರೇಳು ತಿಂಗಳಲ್ಲಿ ಗಟ್ಟಿ ಕೂತು ಹೆಂಟೆಯಾಗುತ್ತದೆ. ಎರೆಹುಳು ಇಲ್ಲ, ಹಳೆ ಬೇರಿನ ಜಾಡು ಇಲ್ಲ, ಮೇಲಿಂದ ದಿನಾ ನೀರಿನ ಹೊಡೆತ. ಹಾಗಾಗಿ ಬರೀ ಕೆಂಪು ಮಣ್ಣು ಬೇಡ.

ನಾನು ಬಳಸುವ ಅಳತೆ ಹೀಗಿದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಆದರೆ ಜರಡಿ ಹಿಡಿದು ಧೂಳು ತೆಗೆಯಲೇಬೇಕು, ಇಲ್ಲದಿದ್ದರೆ ಅದೇ ಸಿಮೆಂಟಿನಂತೆ ಕೂರುತ್ತದೆ. ಮರಳು ಸಿಗದಿದ್ದರೆ ಒಡೆದ ಇಟ್ಟಿಗೆ ಚೂರು, ಕಡಲೆಕಾಳಿನ ಗಾತ್ರದ್ದು, ಆಗುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಈ ಗಿಡಕ್ಕೆ ನನಗೆ ಇಷ್ಟವಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಒದ್ದೆ ಇರುತ್ತದೆ, ಬೇಸಿಗೆಯಲ್ಲಿ ಪೂರ್ತಿ ಒಣಗಿದರೆ ನೀರನ್ನೇ ಹೀರುವುದಿಲ್ಲ. ನರ್ಸರಿಯಿಂದ ತಂದ ಗಿಡ ಕೋಕೋಪೀಟಿನಲ್ಲೇ ಇದ್ದರೆ ಅರ್ಧದಷ್ಟಾದರೂ ಉದುರಿಸಿ ಬೇರೆ ಮಣ್ಣಿಗೆ ಹಾಕಿ.

ಈಗ ಒಂದು ಹಳೆಯ ನಂಬಿಕೆಯ ಬಗ್ಗೆ ಹೇಳಲೇಬೇಕು. ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗುವುದು ಅದರ ಉಲ್ಟಾ. ಸಣ್ಣ ಕಣದ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಕೆಳಗೆ ದಪ್ಪ ಜಲ್ಲಿ ಇದ್ದರೆ ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ. ಮಣ್ಣಿನ ಕೊನೆಯ ಪದರ ಪೂರ್ತಿ ತುಂಬಿ ತುಳುಕುವವರೆಗೆ ಅಲ್ಲೇ ನಿಲ್ಲುತ್ತದೆ. ಎಲ್ಲ ಕುಂಡದಲ್ಲೂ ತಳದ ಹತ್ತಿರ ಹೀಗೆ ಒಂದು ಸದಾ ಒದ್ದೆಯ ಪದರ ಇದ್ದೇ ಇರುತ್ತದೆ. ಅದು ಎಷ್ಟು ಎತ್ತರ ಅನ್ನುವುದನ್ನು ಮಣ್ಣಿನ ಕಣ ತೀರ್ಮಾನಿಸುತ್ತದೆ, ಜಲ್ಲಿಯಲ್ಲ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಎರಡು ಇಂಚು ಮೇಲಕ್ಕೆ, ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತದೆ. ಅದರ ಬದಲು ಮರಳನ್ನು ಇಡೀ ಮಣ್ಣಿಗೆ ಬೆರೆಸಿ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಅಗಲ ಕಡಿಮೆ ಇದ್ದು ಎತ್ತರ ಇರುವ ಕುಂಡ ಒಳ್ಳೆಯದು, ಒದ್ದೆ ಪದರದ ಮೇಲೆ ಬೇರಿಗೆ ಜಾಸ್ತಿ ಜಾಗ ಸಿಗುತ್ತದೆ. ಮಣ್ಣಿನ ಕುಂಡವಾದರೆ ಗೋಡೆಯಿಂದಲೂ ತೇವ ಆರುತ್ತದೆ. ಹತ್ತು ಇಂಚಿನದು ಸಾಕು. ಕುಂಡದ ಕೆಳಗಿನ ತಟ್ಟೆಯನ್ನು ಮಳೆಗಾಲದಲ್ಲಿ ತೆಗೆದುಬಿಡಿ, ಸೊಳ್ಳೆಯ ಕಾಟವೂ ತಪ್ಪುತ್ತದೆ.

ನೀರು ಹಾಕುವಾಗ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ, ಆಮೇಲೆ ಮರೆತುಬಿಡಿ. ದಿನಾ ಒಂದು ಲೋಟ ಹಾಕುವ ಅಭ್ಯಾಸ ಕೆಟ್ಟದ್ದು. ಮೇಲಿನ ಒಂದು ಇಂಚು ಮಾತ್ರ ನೆನೆಯುತ್ತದೆ, ಬೇರು ಮೇಲೇ ಉಳಿಯುತ್ತದೆ, ಏಪ್ರಿಲ್ ಬಿಸಿಲಿಗೆ ಸುಡುತ್ತದೆ. ಮಳೆಗಾಲದಲ್ಲಿ ನೀರೇ ಬೇಡ. ಚಳಿಗಾಲದಲ್ಲಿ ವಾರಕ್ಕೊಮ್ಮೆ. ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿಯ ಕುಂಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ. ನೆಲದಲ್ಲಿ ಬೇರು ಬಿಟ್ಟ ಗಿಡಕ್ಕೆ ಅದೂ ಬೇಡ. ಇದು ಒಂದು ಅಂದಾಜು ಅಷ್ಟೆ, ಕೊನೆಯ ಮಾತು ಎಲೆಯದೇ.

ಬೆಂಗಳೂರಲ್ಲಿ ಈ ಮಾತಿಗೆ ತೂಕ ಇದೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗೆ ಕ್ಯೂ ನಿಂತಿದ್ದು ಯಾರೂ ಮರೆತಿಲ್ಲ. ಆಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲೆತ್ತಿ ತರುವ ಕಾವೇರಿ ನೀರು ಅದು. ಅಂಥ ಬೇಸಿಗೆಯಲ್ಲಿ ತಾರಸಿ ತೋಟ ಉಳಿಯಬೇಕಾದರೆ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಸಾಲುವ ಗಿಡಗಳೇ ಇರಬೇಕು. ದೊಡ್ಡಪತ್ರೆಗೆ ಅದು ಸಾಲುತ್ತದೆ. ಆರ್‌ಒ ವಾಟರ್ ಫಿಲ್ಟರ್ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಮಾತ್ರ ಕುಂಡಕ್ಕೆ ಸತತವಾಗಿ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಜಾಸ್ತಿ. ಗಡಸು ಕೊಳವೆಬಾವಿ ನೀರಿಗೂ ಇದೇ ತೊಂದರೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕಂಡರೆ ಉಪ್ಪು ಸೇರಿದೆ ಎಂದು ಲೆಕ್ಕ. ಮೊದಲ ಒಳ್ಳೆ ಮಳೆಗೆ ಕುಂಡವನ್ನು ಬಯಲಲ್ಲಿಡಿ, ತೊಳೆದು ಹೋಗುತ್ತದೆ.

ಹೂವು ಬರುವುದು ತುದಿಯಲ್ಲಿ

ಹತ್ತು ವರ್ಷವಾದರೂ ಹೂ ಬಂದಿಲ್ಲ ಅನ್ನುವವರ ಗಿಡ ನೋಡಿದರೆ ಕಾರಣ ಅಲ್ಲೇ ಇರುತ್ತದೆ. ದೊಡ್ಡಪತ್ರೆಯ ಹೂತೆನೆ ಕೊಂಬೆಯ ತುದಿಯಿಂದ ಹೊರಡುತ್ತದೆ. ನಾವು ಅಡುಗೆಗೆ ಚಿವುಟುವುದೂ ಅದೇ ತುದಿಯನ್ನೇ, ಎಳೆ ಎಲೆ ಅಲ್ಲೇ ಇರುವುದರಿಂದ. ತುದಿ ಹೋದ ಕೊಂಬೆ ಪಕ್ಕದಿಂದ ಎರಡು ಚಿಗುರು ತರುತ್ತದೆ. ಅವು ಬಲಿಯುವ ಮೊದಲೇ ಮತ್ತೆ ಚಿವುಟುತ್ತೇವೆ. ಗಿಡ ಪೊದೆಯಾಗುತ್ತದೆ, ಹೂವಿನ ಹಂತಕ್ಕೆ ಬರುವುದೇ ಇಲ್ಲ.

ಹಾಗಂತ ಚಿವುಟುವುದು ತಪ್ಪಲ್ಲ. ಅದನ್ನು ಕಾಲ ನೋಡಿ ಮಾಡಬೇಕು. ಮುಂಗಾರಿನಿಂದ ಗೌರಿ ಗಣೇಶ ಹಬ್ಬದವರೆಗೆ ಧಾರಾಳವಾಗಿ ಚಿವುಟಿ. ಎಷ್ಟು ಕವಲು ಒಡೆದರೆ ಅಷ್ಟು ತೆನೆಗೆ ಜಾಗ. ದಸರಾ ಹೊತ್ತಿಗೆ ಕೈ ನಿಲ್ಲಿಸಿ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಗಿಡದ ತುದಿಗಳು ಯಾರ ಕೈಗೂ ಸಿಗದೆ ಬಲಿತಿರಬೇಕು. ಅಡುಗೆಗೆ ಎಲೆ ಬೇಕೆಂದರೆ ಕೆಳಗಿನ ಬಲಿತ ಎಲೆ ಕೀಳಿ, ತಂಬುಳಿಗೆ ಅದೂ ಆಗುತ್ತದೆ. ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಾಡಿಸಿ ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಎಳೆಯದೋ ಬಲಿತದ್ದೋ ಗೊತ್ತಾಗುವುದೇ ಇಲ್ಲ. ಮನೆಯಲ್ಲಿ ಎಲೆ ಖರ್ಚು ಜಾಸ್ತಿ ಇದ್ದರೆ ಎರಡು ಕುಂಡ ಮಾಡಿ. ಒಂದು ಅಡುಗೆಗೆ, ಒಂದು ಜೇನಿಗೆ. ನನಗೆ ಇದೇ ಸರಿ ಅನ್ನಿಸುತ್ತದೆ, ಮನೆಯವರಿಗೆ ಬೇಡ ಬೇಡ ಎಂದು ಹೇಳುತ್ತಾ ಕೂರುವ ಕೆಲಸ ಇರುವುದಿಲ್ಲ.

ಹೂವಿಗೆ ಬೇಕಾದ ಇನ್ನೊಂದು ಮುಖ್ಯ ಸಂಗತಿ ಬಿಸಿಲು. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೀಳಬೇಕು. ಪೂರ್ವದ ಬಾಲ್ಕನಿ ಬಹಳ ಒಳ್ಳೆಯದು. ಪಶ್ಚಿಮದ ಗೋಡೆಯ ಪಕ್ಕ ಇಟ್ಟರೆ ಬೇಸಿಗೆಯಲ್ಲಿ ಗೋಡೆಯ ಕಾವಿಗೆ ಕುಂಡವೇ ಕಾಯುತ್ತದೆ, ಆಗ ದೊಡ್ಡ ಕುಂಡದ ಮರೆಗೆ ಸರಿಸಿ. ಗೊಬ್ಬರ ಕಡಿಮೆ ಕೊಡಿ. ಸಾರಜನಕ ಜಾಸ್ತಿಯಾದರೆ ಗಿಡ ಎಲೆಯನ್ನೇ ಬೆಳೆಸುತ್ತಾ ಹೋಗುತ್ತದೆ. ಮುಂಗಾರಿನ ಆರಂಭದಲ್ಲಿ ಎರಡು ಹಿಡಿ ಎರೆಗೊಬ್ಬರ ಕೊಟ್ಟರೆ ವರ್ಷಕ್ಕೆ ಸಾಕು. ಬಿಳಿ ಅಂಚಿನ ಎಲೆಯ ತಳಿ ನೋಡಲು ಚೆಂದ. ಆದರೆ ಬಿಳಿ ಭಾಗದಲ್ಲಿ ಹಸಿರು ಇಲ್ಲ, ಆಹಾರ ತಯಾರಿಯೂ ಇಲ್ಲ. ಬೆಳವಣಿಗೆ ನಿಧಾನ. ಜೇನಿಗಾಗಿ ಬೆಳೆಸುವವರು ಪೂರ್ತಿ ಹಸಿರು ತಳಿಯನ್ನೇ ಆರಿಸಿ.

ಒಂದು ಹೂವಿನೊಳಗೆ

ಹೂ ಬಂದ ಮೇಲೆ ಹತ್ತು ನಿಮಿಷ ಅದರ ಪಕ್ಕ ಕೂರಿ. ಹೂವಿಗೆ ಎರಡು ತುಟಿ. ಮೇಲಿನದು ಚಿಕ್ಕದು, ನೆಟ್ಟಗೆ ನಿಂತಿರುತ್ತದೆ. ಕೆಳಗಿನದು ಉದ್ದ, ದೋಣಿಯ ಆಕಾರ. ಆ ದೋಣಿಯೊಳಗೆ ನಾಲ್ಕು ಕೇಸರಗಳು ಮಲಗಿರುತ್ತವೆ. ಮಕರಂದ ಇರುವುದು ಇನ್ನೂ ಒಳಗೆ, ಬಾಗಿದ ಕೊಳವೆಯ ತಳದಲ್ಲಿ. ಜೇನು ಬಂದು ಕೆಳತುಟಿಯನ್ನು ಹಿಡಿದುಕೊಂಡು ತಲೆ ಒಳಗೆ ತೂರಿಸುತ್ತದೆ. ಅದರ ಭಾರಕ್ಕೆ ತುಟಿ ಕೆಳಗೆ ಬಾಗುತ್ತದೆ, ಕೇಸರಗಳು ಹೊರಬಂದು ಜೇನಿನ ಹೊಟ್ಟೆಗೆ ಪರಾಗ ಬಳಿಯುತ್ತವೆ. ಜೇನು ಹಾರಿದ ಮೇಲೆ ತುಟಿ ಮತ್ತೆ ಮೇಲೇಳುತ್ತದೆ.

ಲ್ಯಾಂಬ್ಸ್ ಇಯರ್ ಹೂವಲ್ಲಿ ಇದು ತಲೆಕೆಳಗು. ಅಲ್ಲಿ ಕೇಸರಗಳು ಮೇಲ್ತುಟಿಯ ಅಡಿಯಲ್ಲಿರುತ್ತವೆ, ಪರಾಗ ಬೀಳುವುದು ಜೇನಿನ ಬೆನ್ನಿಗೆ. ಒಂದೇ ಬಳಗದ ಎರಡು ಗಿಡಗಳು ಒಂದೇ ಕೆಲಸಕ್ಕೆ ಎರಡು ದಾರಿ ಹುಡುಕಿಕೊಂಡಿವೆ. ತುಳಸಿ, ಕಾಮಕಸ್ತೂರಿ ದೊಡ್ಡಪತ್ರೆಯ ಪಕ್ಷ, ತುಂಬೆ ಲ್ಯಾಂಬ್ಸ್ ಇಯರ್ ಪಕ್ಷ. ಮನೆಯ ಮುಂದಿನ ತುಳಸಿಯ ಹೂವಲ್ಲೂ ಇದನ್ನು ನೋಡಬಹುದು, ಕೇಸರಗಳು ಕೆಳಗಿನ ತುಟಿಯ ಕಡೆಗೇ ಚಾಚಿರುತ್ತವೆ.

ಯಾರು ಬರುತ್ತಾರೆ? ತುಡುವೆ ಜೇನು, ಕೋಲು ಜೇನು ಬರುತ್ತವೆ. ಅಪಾರ್ಟ್‌ಮೆಂಟಿನ ಗೋಡೆಗೆ ದೊಡ್ಡ ತಟ್ಟಿ ಕಟ್ಟುವ ಹೆಜ್ಜೇನನ್ನು ಕಂಡರೆ ಎಲ್ಲರಿಗೂ ಭಯ. ಆದರೆ ಹೂವಿನ ಮೇಲೆ ಮೇಯುವ ಜೇನು ತನ್ನ ಪಾಡಿಗೆ ಇರುತ್ತದೆ. ಜೇನು ಕಚ್ಚುವುದು ಗೂಡಿಗೆ ತೊಂದರೆ ಆದಾಗ, ಇಲ್ಲವೇ ಅದನ್ನೇ ಅದುಮಿದಾಗ. ಮುಜಂಟಿ ಅಥವಾ ನಸರಿ ಎಂದು ಕರೆಯುವ ಪುಟ್ಟ ಜೇನಿಗೆ ಕಚ್ಚುವ ಮುಳ್ಳೇ ಇಲ್ಲ. ಅದು ಗೋಡೆಯ ಬಿರುಕಲ್ಲೂ ಸಂಸಾರ ಹೂಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಅತಿಥಿ ನೀಲಿ ಪಟ್ಟೆಯ ಒಂಟಿ ಜೇನು. ವಿಜ್ಞಾನಿಗಳು ಅಮೆಜಿಲ್ಲಾ ಎನ್ನುತ್ತಾರೆ. ಎದೆ ಮೇಲೆ ಕಂದು ರೋಮ, ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ತೆಳು ನೀಲಿ ಪಟ್ಟೆಗಳು. ಒಂದು ಹೂವಿನ ಮುಂದೆ ಗಾಳಿಯಲ್ಲೇ ಒಂದು ಕ್ಷಣ ನಿಂತು, ಉದ್ದನೆಯ ನಾಲಿಗೆ ಚಾಚಿ, ಸರ್ ಎಂದು ಮುಂದಿನ ಹೂವಿಗೆ ಹೋಗುತ್ತದೆ. ಫೋನ್ ತೆಗೆಯುವಷ್ಟರಲ್ಲಿ ಇರುವುದಿಲ್ಲ. ಇದಕ್ಕೆ ರಾಣಿ ಇಲ್ಲ, ತಟ್ಟಿ ಇಲ್ಲ. ಪ್ರತಿ ಹೆಣ್ಣೂ ಮಣ್ಣಿನಲ್ಲೋ ಮಣ್ಣಿನ ಗೋಡೆಯಲ್ಲೋ ತನ್ನದೇ ಬಿಲ ತೋಡಿ ಮೊಟ್ಟೆ ಇಡುತ್ತದೆ. ಗಂಡುಗಳು ಸಂಜೆಯಾದರೆ ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ.

ತಾರಸಿಯಲ್ಲಿ ಬದನೆ, ಟೊಮ್ಯಾಟೊ ಬೆಳೆಯುವವರು ಈ ಜೇನಿನ ಬಗ್ಗೆ ತಿಳಿದಿರಲೇಬೇಕು. ಬದನೆ ಹೂವಿನ ಪರಾಗ ಸುಮ್ಮನೆ ಹೊರಗೆ ಇರುವುದಿಲ್ಲ. ಹಳದಿ ಕೊಳವೆಯಂಥ ಕೇಸರದೊಳಗೆ ಮುಚ್ಚಿರುತ್ತದೆ, ತುದಿಯಲ್ಲಿ ಸಣ್ಣ ತೂತು ಮಾತ್ರ. ಅದನ್ನು ಗಡಗಡ ಅಲ್ಲಾಡಿಸಿದರೆ ಪರಾಗ ಪುಡಿಯಾಗಿ ಉದುರುತ್ತದೆ. ನೀಲಿ ಪಟ್ಟೆಯ ಜೇನು ಕೇಸರವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಜೋರಾಗಿ ಕಂಪಿಸುತ್ತದೆ. ಗುಂಯ್ ಎನ್ನುವ ಸದ್ದು ನಮಗೂ ಕೇಳುತ್ತದೆ. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಬದನೆ, ಟೊಮ್ಯಾಟೊ ಹೂವಲ್ಲಿ ಮಕರಂದ ಇಲ್ಲವೇ ಇಲ್ಲ, ಪರಾಗ ಮಾತ್ರ. ಪರಾಗ ಮರಿಗಳಿಗೆ ಊಟವಾಯಿತು, ಹಾರಾಡುವ ತಾಯಿಗೆ ಸಿಹಿ ಬೇಕಲ್ಲ. ಅದು ಬೇರೆ ಹೂವಿನಿಂದಲೇ ಬರಬೇಕು. ಬದನೆ ಕುಂಡದ ಪಕ್ಕ ಹೂ ಬಿಟ್ಟ ದೊಡ್ಡಪತ್ರೆ, ಕಾಮಕಸ್ತೂರಿ ಇದ್ದರೆ ಒಂದೇ ಕಡೆ ಎರಡೂ ಸಿಕ್ಕಿತು. ಟೊಮ್ಯಾಟೊ ಜೇನಿಲ್ಲದೆಯೂ ಗಾಳಿಗೆ ಅಲ್ಲಾಡಿ ಕಾಯಿ ಕಟ್ಟಬಲ್ಲದು, ಜೇನು ಬಂದರೆ ಕಾಯಿ ಇನ್ನೂ ಚೆನ್ನಾಗಿ ಕೂರುತ್ತದೆ.

ಬೆಂಗಳೂರಿನ ಮರಗಳು ಚಳಿಗಾಲದ ಕೊನೆಯಿಂದ ಭರ್ಜರಿಯಾಗಿ ಹೂ ಬಿಡುತ್ತವೆ, ನಿಜ. ಹೊಂಗೆ ಹೂವಾದಾಗ ಇಡೀ ರಸ್ತೆ ಜೇನುಗಳ ಸದ್ದು. ಹೆಜ್ಜೇನು ದೂರ ಹಾರಿ ಅಲ್ಲಿಗೆ ಹೋಗಬಲ್ಲದು. ಒಂಟಿ ಜೇನುಗಳಲ್ಲಿ ಹೆಚ್ಚಿನವು ಗೂಡಿನಿಂದ ಬಹಳ ದೂರ ಹೋಗುವುದಿಲ್ಲ. ಕಾಂಕ್ರೀಟು ತುಂಬಿದ ಹೊಸ ಬಡಾವಣೆಯಲ್ಲಿ ಅವಕ್ಕೆ ಸಿಗುವುದು ನಮ್ಮ ನಿಮ್ಮ ಕುಂಡಗಳೇ. ಊಟದ ಜೊತೆ ಮನೆಯೂ ಬೇಕು. ಕಾಂಪೌಂಡಿನ ಮೂಲೆಯಲ್ಲಿ ಒಂದು ಮೊಳ ಅಗಲದಷ್ಟಾದರೂ ಬರಿ ಮಣ್ಣು ಬಿಡಿ. ಟೈಲ್ಸ್ ಬೇಡ, ಒಣ ಎಲೆಯ ಹೊದಿಕೆಯೂ ಬೇಡ, ದಿನಾ ನೀರೂ ಬೇಡ. ನನ್ನನ್ನು ಕೇಳಿದರೆ ಕೀಟಗಳಿಗೆಂದು ಅಂಗಡಿಯಲ್ಲಿ ಮಾರುವ ಮರದ ಗೂಡಿಗಿಂತ ಆ ಒಂದು ತುಂಡು ನೆಲ ಮುಖ್ಯ.

ವರ್ಷವಿಡೀ ಏನಾದರೂ ಹೂವು ಇರಲಿ ಅನ್ನುವವರು ಮಳೆಗಾಲದಲ್ಲಿ ತಾನಾಗಿ ಹುಟ್ಟುವ ತುಂಬೆಯನ್ನು ಕಳೆ ಎಂದು ಕೀಳಬೇಡಿ. ಕಾಮಕಸ್ತೂರಿ ಹೆಚ್ಚುಕಡಿಮೆ ಎಲ್ಲ ಕಾಲಕ್ಕೂ ಆಗುತ್ತದೆ. ತುಳಸಿಯ ತೆನೆಗಳನ್ನು ಪೂರ್ತಿ ಚಿವುಟದೆ ನಾಲ್ಕಾರು ಉಳಿಸಿ.

ಔಷಧಿ ಹೊಡೆಯುವ ಮುಂಚೆ

ದೊಡ್ಡಪತ್ರೆಗೆ ರೋಗ ಕಡಿಮೆ. ಬಂದರೆ ಹಿಟ್ಟು ತಿಗಣೆ, ಬಿಳಿ ಹತ್ತಿಯಂತೆ ಗೆಣ್ಣಿನ ಸಂದಿಯಲ್ಲಿ ಕೂರುತ್ತದೆ. ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ ನೀರಿನಿಂದ ಜಾಡಿಸಿ, ಬೆಳಗ್ಗೆ ಮಾಡಿದರೆ ಎಲೆ ಬೇಗ ಆರುತ್ತದೆ. ಜಾಸ್ತಿ ಹತ್ತಿದ ಕೊಂಬೆಯನ್ನು ಕತ್ತರಿಸಿ ಎಸೆಯಿರಿ. ಬೇವಿನ ಎಣ್ಣೆ ಹೊಡೆಯಲೇಬೇಕು ಅಂದರೆ ಹೂವಿಲ್ಲದ ಕಾಲದಲ್ಲಿ, ಸಂಜೆ, ತೆಳುವಾಗಿ. ರೋಮದ ಎಲೆ ಎಣ್ಣೆಯನ್ನು ಹಿಡಿದಿಟ್ಟುಕೊಂಡು ಬಿಸಿಲಿಗೆ ಸುಡುತ್ತದೆ.

ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಗಿಡದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದು ಎಲೆಯ ಮೇಲೆ ಉಳಿಯುವುದಿಲ್ಲ, ಗಿಡದ ರಸಕ್ಕೆ ಸೇರಿ ಮಕರಂದಕ್ಕೂ ಪರಾಗಕ್ಕೂ ಹೋಗುತ್ತದೆ. ಜೇನಿಗೆ ಅದು ನೇರ ವಿಷ. ನಾವು ತಿನ್ನುವ ಎಲೆಗೂ ಬೇಡ. ಲಾಲ್‌ಬಾಗ್ ಹತ್ತಿರದ ಸಿದ್ದಾಪುರದಿಂದ ತಂದರೂ ಬೇರೆ ನರ್ಸರಿಯಿಂದ ತಂದರೂ ಏನು ಹೊಡೆದಿದ್ದಾರೆ ಎಂದು ಒಂದು ಮಾತು ಕೇಳಿ. ಇದಕ್ಕಿಂತ ಸುಲಭ ದಾರಿ ಪಕ್ಕದ ಮನೆಯ ಗಿಡದಿಂದ ಕಡ್ಡಿ ಕೇಳಿ ತರುವುದು. ಇಂಥ ಗಿಡಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಅವಕ್ಕೆ ಎಟುಕದ ಕಡೆ ಇಡಿ, ದೊಡ್ಡಪತ್ರೆಯ ಎಣ್ಣೆ ಅವುಗಳ ಹೊಟ್ಟೆಗೆ ಆಗಿಬರುವುದಿಲ್ಲ.

ಕಡ್ಡಿ ನೆಡುವ ಕೆಲಸ

ದೊಡ್ಡಪತ್ರೆಯಲ್ಲಿ ಬೀಜ ಕಟ್ಟುವುದು ಅಪರೂಪ, ಎಲ್ಲರೂ ಕಡ್ಡಿಯಿಂದಲೇ ಬೆಳೆಸುವುದು. ಹೂವಿಲ್ಲದ, ತೀರಾ ಎಳೆಯೂ ಅಲ್ಲದ ಗೇಣುದ್ದದ ಕೊಂಬೆ ಕತ್ತರಿಸಿ. ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆಯಿರಿ. ಕೂಡಲೇ ನೆಡಬೇಡಿ. ರಸ ತುಂಬಿದ ಕಾಂಡದ ಕೊಯ್ದ ಬಾಯಿ ಒದ್ದೆ ಮಣ್ಣಿಗೆ ಹೋದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ. ನೆರಳಲ್ಲಿ ಅರ್ಧ ದಿನ ಬಿಟ್ಟರೆ ಬಾಯಿ ಒಣಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಒಮ್ಮೆ ನೀರು ಹಾಕಿ, ತೆಳು ನೆರಳಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಅಲ್ಲಾಡದಿದ್ದರೆ ಬೇರು ಬಂದಿದೆ. ಪ್ಲಾಸ್ಟಿಕ್ ಕವರು ಮುಚ್ಚುವ ಪದ್ಧತಿ ಈ ಗಿಡಕ್ಕೆ ಬೇಡ, ಒಳಗಿನ ಸೆಕೆಗೆ ರೋಮದ ಎಲೆ ಬೂಷ್ಟು ಹಿಡಿಯುತ್ತದೆ.

ಜೂನ್, ಜುಲೈನ ತೆಳು ಮಳೆ ಇದಕ್ಕೆ ಒಳ್ಳೆಯ ಕಾಲ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಮಳೆ ಜಾಸ್ತಿ, ಹೊಸ ಕಡ್ಡಿ ಉಳಿಯುವುದು ಕಷ್ಟ. ಆ ತಿಂಗಳಲ್ಲಿ ದೊಡ್ಡ ಗಿಡವನ್ನೂ ಸೂರಿನ ಅಂಚಿಗೆ ಸರಿಸಿದರೆ ಕ್ಷೇಮ.

ತೆನೆಗಳು ಒಣಗಿದ ಮೇಲೆ, ಯುಗಾದಿ ಆಸುಪಾಸು, ಗಿಡವನ್ನು ಮೂರನೇ ಒಂದು ಭಾಗಕ್ಕೆ ಕತ್ತರಿಸಿ. ಕರುಣೆ ಬೇಡ. ಬುಡದಲ್ಲಿ ಒಂದೆರಡು ಹಸಿರು ಎಲೆ ಇರುವ ಗೆಣ್ಣು ಉಳಿದರೆ ಸಾಕು, ಮೊದಲ ಮಳೆಗೆ ಅಲ್ಲಿಂದ ಚಿಗುರುತ್ತದೆ. ಕತ್ತರಿಸಿದ ಒಣ ತೆನೆಗಳನ್ನು ಒಂದು ಕಡೆ ಕಟ್ಟಿ ನೇತುಹಾಕಿ, ನೀಲಿ ಪಟ್ಟೆಯ ಗಂಡು ಜೇನುಗಳು ರಾತ್ರಿ ತಂಗಲು ಅಂಥ ಕಡ್ಡಿಗಳನ್ನೇ ಹುಡುಕುತ್ತವೆ. ಎರಡು ಮೂರು ವರ್ಷಕ್ಕೆ ಬುಡದ ಕಾಂಡ ಮರದಂತೆ ಗಟ್ಟಿಯಾಗಿ ಚಿಗುರು ಕಡಿಮೆಯಾಗುತ್ತದೆ. ಆಗ ಅದೇ ಗಿಡದ ತುದಿಗಳಿಂದ ಹೊಸ ಕುಂಡ ಮಾಡಿಕೊಂಡು ಹಳೆಯದನ್ನು ಗೊಬ್ಬರದ ಗುಂಡಿಗೆ ಹಾಕಿ.